ಹಲಗೆಯ ನೆಲ, ಕುಂಡದ ಉಂಗುರ

ಮಲೆನಾಡಿನ ನಮ್ಮ ಹಳೆಯ ಮನೆಯ ಉಪ್ಪರಿಗೆಗೆ ಹಾಸಿರುವುದು ಹೊನ್ನೆಯ ಹಲಗೆ. ಮಾಸಿದ ಆ ನೆಲವನ್ನು ಕಳೆದ ಬೇಸಗೆಯಲ್ಲಿ ಹೊಸತುಮಾಡಹೊರಟೆ. ಉಜ್ಜುವ ಯಂತ್ರ ತರಿಸುವೆನೆಂದಾಗ ವೃದ್ಧ ಬಡಗಿ ನಕ್ಕು, “ಅಯ್ಯಾ, ಹಲಗೆ ಆಗಲೇ ತೆಳ್ಳಗಾಗಿದೆ, ಇನ್ನೆಷ್ಟು ತೆಗೀತೀರಿ?” ಎಂದರು. ಈ ಕೆಲಸದ ಮರ್ಮವೆಲ್ಲ ಆ ಮಾತಿನಲ್ಲೇ ಇತ್ತು.

ಮೇಲೆದ್ದ ಮೊಳೆಗಳನ್ನು ಮೊದಲು ಒಳಕ್ಕೆ ಬಡಿಯಬೇಕು. ಅನಂತರ ಉಪ್ಪುಕಾಗದವನ್ನು ಒರಟಿನಿಂದ ನಯದ ಕಡೆಗೆ ಬದಲಿಸುತ್ತ, ಮರದ ಎಳೆಯ ಗುಂಟ ಉಜ್ಜಬೇಕು. ಅಡ್ಡಕ್ಕೆ ಉಜ್ಜಿದ ಗೀರು ಎಣ್ಣೆ ತಾಗಿದೊಡನೆ ಎದ್ದು ಕಾಣುತ್ತದೆ. ಕೊನೆಗೆ ಅಗಸೆ ಎಣ್ಣೆಯ ತೆಳುಲೇಪ. ಎಣ್ಣೆಯ ಬಟ್ಟೆಯನ್ನು ಮಾತ್ರ ಮುದ್ದೆಮಾಡಿ ಎಸೆಯಬಾರದು. ಗಾಳಿಯ ಆಮ್ಲಜನಕದೊಡನೆ ಕೂಡಿ ಒಣಗುವಾಗ ಎಣ್ಣೆ ಬಿಸಿಯೇರಿ, ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಅದನ್ನು ಹೊರಗೆ ಹರವಿ ಒಣಗಿಸಬೇಕು.

ಕಿಟಕಿಯ ಬಳಿಯ ಒಂದು ಕಪ್ಪು ಉಂಗುರ ಹೋಗಲಿಲ್ಲ. ಅಜ್ಜಿ ತಗಡಿನ ಡಬ್ಬಿಯಲ್ಲಿ ದೊಡ್ಡಪತ್ರೆ ಬೆಳೆಸಿದ್ದ ಜಾಗ ಅದು. ತುಕ್ಕಿನ ನೀರು ಹಲಗೆಗಿಳಿದು, ಕಬ್ಬಿಣದ ಅಂಶ ಮರದ ಒಗರಿನೊಡನೆ ಬೆರೆತು ಕಪ್ಪಾಗಿದೆ. ಹಿಂದಿನವರು ಅಳಲೆಕಾಯಿಯ ರಸಕ್ಕೆ ಕಬ್ಬಿಣ ಬೆರೆಸಿ ಶಾಯಿ ಮಾಡುತ್ತಿದ್ದುದೂ ಇದೇ ಗುಣದಿಂದ.

ಹೊರಗಿನ ಹಲಸು ಬೆಳೆದು ಈಗ ಅಲ್ಲಿ ಬೆಳಕು ಮಂದ. ಬಿಸಿಲು ಬೇಡುವ ದೊಡ್ಡಪತ್ರೆ ಅಲ್ಲಿ ಬಾಳದು. ಮಂದ ಬೆಳಕನ್ನೂ ನಮ್ಮ ಮರೆವನ್ನೂ ಸಹಿಸುವ ಸ್ನೇಕ್ ಪ್ಲಾಂಟನ್ನು ತಂದೆ. ಕುಂಡದಡಿ ತಟ್ಟೆ, ತಟ್ಟೆಯಡಿ ಎತ್ತರದ ಮಣೆ ಇಟ್ಟೆ; ಆದರೆ ಉಂಗುರವನ್ನು ಮುಚ್ಚದೆ, ತುಸು ಪಕ್ಕಕ್ಕೆ. ಬಡಗಿ ಕೆರೆಯಲು ಬಂದಾಗ ಬೇಡವೆಂದೆ. ಅಕ್ಷರ ಬಾರದ ಅಜ್ಜಿ ಈ ಮನೆಯಲ್ಲಿ ಉಳಿಸಿಹೋದ ಬರಹ ಅದೊಂದೇ.