ಎಲ್ಲವೂ ‘ಬ್ರೇಕ್’ ಆಗುವುದಿಲ್ಲ: ಹೊರನಾಡ ಮಕ್ಕಳಿಗೆ ಪದಕೋಶದ ಪಾಠ

ಖಡಕಿ: ಪುಣೆ ಮಹಾನಗರದ ಖಡಕಿ ದಂಡುಪ್ರದೇಶ ಹಲವು ಭಾಷೆಗಳ ಊರು. 1817ರ ಖಡಕಿ ಯುದ್ಧದ ನಂತರ ಇಲ್ಲಿ ಬೀಡುಬಿಟ್ಟ ಸೈನ್ಯ, 1869ರಲ್ಲಿ ಸ್ಥಾಪನೆಗೊಂಡ ಮದ್ದುಗುಂಡು ಕಾರ್ಖಾನೆ ದೇಶದ ನಾನಾ ಭಾಗಗಳ ಜನರನ್ನು ಇಲ್ಲಿಗೆ ಕರೆತಂದವು. ಇಂತಹ ಊರಿನಲ್ಲಿ ಬೆಳೆಯುವ ಕನ್ನಡದ ಮಗು ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಮತ್ತು ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಎಂದು ದಿನವೂ ನಾಲ್ಕು ಭಾಷೆಗಳಲ್ಲಿ ಓಡಾಡುತ್ತದೆ. ಆದರೆ ಐದರಿಂದ ಎಂಟನೇ ತರಗತಿಯ ಹೊತ್ತಿಗೆ ಈ ನಾಲ್ಕರಲ್ಲಿ ಸೊರಗುವುದು ಕನ್ನಡವೇ. ಬ್ಯಾಟ್ ಬ್ರೇಕ್ ಆಯ್ತು, ಕಪ್ ಬ್ರೇಕ್ ಆಯ್ತು, ಗಾಳಿಪಟದ ದಾರವೂ ಬ್ರೇಕ್ ಆಯ್ತು! ವಾಕ್ಯದಲ್ಲಿ ಕನ್ನಡವೆಂದು ಉಳಿಯುವುದು ಕೊನೆಯ ‘ಆಯ್ತು’ ಮಾತ್ರ.

ಇದೇ ವಯಸ್ಸಿನಲ್ಲಿ ಇಂಗ್ಲಿಷ್ ಶಾಲೆಗಳಲ್ಲಿ ಮಕ್ಕಳ ಕೈಗೆ ಥೆಸಾರಸ್ ಬರುತ್ತದೆ. ಪೀಟರ್ ಮಾರ್ಕ್ ರೊಜೆ ಎಂಬ ವೈದ್ಯರು 1852ರಲ್ಲಿ ಪ್ರಕಟಿಸಿದ ಈ ಪರ್ಯಾಯಪದ ಕೋಶದಲ್ಲಿ ಪದಗಳು ಅರ್ಥಕ್ಕೆ ತಕ್ಕಂತೆ ಗುಂಪುಗೂಡಿವೆ. ನಮ್ಮವರಿಗೆ ಇದು ಹೊಸತಲ್ಲ. ಸಾವಿರ ವರ್ಷಗಳಿಗೂ ಹಿಂದಿನ ಸಂಸ್ಕೃತದ ‘ಅಮರಕೋಶ’ ಇದೇ ಬಗೆಯದು. ಕನ್ನಡದಲ್ಲಿಯೂ ನಾಗವರ್ಮನ ‘ವಸ್ತುಕೋಶ’, 1398ರ ಮಂಗರಾಜನ ನಿಘಂಟು ಪದ್ಯರೂಪದಲ್ಲಿ ರಚನೆಗೊಂಡವು. ಬಾಯಿಪಾಠಕ್ಕೆ ಪದ್ಯ ಅನುಕೂಲ.

ಆದರೆ ಪಟ್ಟಿ ಕೊಟ್ಟ ಮಾತ್ರಕ್ಕೆ ಪಾಠ ಮುಗಿಯುವುದಿಲ್ಲ. ಮಕ್ಕಳು ಸಾಮಾನ್ಯವಾಗಿ ಪಟ್ಟಿಯಲ್ಲಿ ಅತ್ಯಂತ ಭಾರದ ಪದವನ್ನೇ ಆರಿಸುತ್ತಾರೆ. ‘ದೊಡ್ಡ’ ಎಂಬುದಕ್ಕೆ ಪರ್ಯಾಯ ಹುಡುಕಿ ‘ನನ್ನ ಬೃಹತ್ ಅಣ್ಣ’ ಎಂದು ಬರೆದರೆ ಅಣ್ಣನಿಗೇ ಬೇಸರವಾದೀತು. ನೀರು, ಜಲ, ಉದಕ ಮೂರೂ ಒಂದೇ ಎಂದು ಪಟ್ಟಿ ಹೇಳುತ್ತದೆ. ಆದರೆ ಹೋಟೆಲಿನಲ್ಲಿ ಯಾರೂ ಒಂದು ಲೋಟ ಉದಕ ಕೇಳುವುದಿಲ್ಲ. ಅಜ್ಜ ತೀರಿಕೊಂಡರು, ನಾಯಿ ಸತ್ತಿತು, ದೀಪ ಆರಿತು, ಗಿಡ ಒಣಗಿತು. ಖಡಕಿಯ ಯುದ್ಧ ಸ್ಮಶಾನದಲ್ಲಿ ಮಲಗಿರುವ ಸೈನಿಕರು ಮಾತ್ರ ‘ಮಡಿದವರು’. ಯಾವ ಪದ ಎಲ್ಲಿ ಸಲ್ಲುತ್ತದೆ ಎಂಬುದನ್ನು ತೋರಿಸಿಕೊಡುವುದೇ ಶಿಕ್ಷಕರ ನಿಜವಾದ ಕೆಲಸ.

ಇಲ್ಲಿ ಪುಣೆಯ ಮಗುವಿಗೆ ಒಂದು ದೊಡ್ಡ ಅನುಕೂಲವಿದೆ. ಅದೆಂದರೆ ಮರಾಠಿ. ಇಂಗ್ಲಿಷಿನ ‘ಬ್ರೇಕ್’ ಒಂದೇ ಪದ. ಕನ್ನಡದಲ್ಲಿ ಕೋಲು ಮುರಿಯುತ್ತದೆ, ಮಡಕೆ ಒಡೆಯುತ್ತದೆ, ಬಟ್ಟೆ ಹರಿಯುತ್ತದೆ, ದಾರ ಕಡಿಯುತ್ತದೆ. ಮರಾಠಿಯಲ್ಲಿಯೂ ಹಾಗೆಯೇ: ಕಾಠಿ ಮೋಡತೆ, ಮಡಕೆ ಫುಟತೆ, ಕಾಪಡ ಫಾಟತೆ, ದೋರಾ ತುಟತೊ. ಓಣಿಯ ಹುಡುಗರೊಡನೆ ಆಡುತ್ತ ಈ ನಾಲ್ಕನ್ನೂ ಸರಿಯಾಗಿ ಬಳಸುವ ಮಗುವಿಗೆ ಕನ್ನಡದ ನಾಲ್ಕನ್ನು ಕಲಿಸಲು ಹತ್ತು ನಿಮಿಷ ಸಾಕು. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯಂತೆ ಶಾಲೆಗಳಲ್ಲಿ ಮರಾಠಿ ಕಲಿಕೆ ಕಡ್ಡಾಯವಾಗಿದೆ. ಇದರಿಂದ ಕನ್ನಡಕ್ಕೆ ಹಾನಿ ಎಂದು ಕೊರಗುವ ಪಾಲಕರು ಅದನ್ನೇ ಏಣಿಯಾಗಿಸಿಕೊಳ್ಳುವುದು ಜಾಣತನ. ಕಾದಂಬರಿಗೆ ಎರಡೂ ಭಾಷೆಗಳಲ್ಲಿ ಕಾದಂಬರಿ ಎಂದೇ ಹೆಸರು; ತುಪ್ಪ ಅವರಲ್ಲಿ ‘ತೂಪ’.

ಹಾಗೆಂದು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ‘ಶಿಕ್ಷೆ’ ಕನ್ನಡ, ಮರಾಠಿ ಎರಡರಲ್ಲೂ ದಂಡನೆ. ಹಿಂದಿಯ ‘ಶಿಕ್ಷಾ’ ಎಂದರೆ ವಿದ್ಯಾಭ್ಯಾಸ. (ಎರಡೂ ಒಂದೇ ಎಂದು ಮಕ್ಕಳು ನಕ್ಕರೆ ಆಶ್ಚರ್ಯವಿಲ್ಲ.) ಹಿಂದಿಯ ‘ಅವಸರ್’ ಸದವಕಾಶ, ನಮ್ಮ ಅವಸರ ಗಡಿಬಿಡಿ. ಮರಾಠಿಯಲ್ಲಿ ‘ಪ್ರಶಸ್ತ’ ಮನೆಯೆಂದರೆ ವಿಶಾಲವಾದ ಮನೆ, ಕನ್ನಡದಲ್ಲಿ ಪ್ರಶಸ್ತವೆಂದರೆ ತಕ್ಕದ್ದು, ಉತ್ತಮವಾದದ್ದು. ಮರಾಠಿಗರ ಮನೆಯ ಊಟದಲ್ಲಿ ‘ಆಗ್ರಹ’ ಪ್ರೀತಿಯ ಒತ್ತಾಯ. ಕನ್ನಡ ಪತ್ರಿಕೆಯ ತಲೆಬರಹದಲ್ಲಿ ಅದು ಸರಕಾರಕ್ಕೆ ಹಾಕುವ ಬೇಡಿಕೆ. ಇಂತಹ ಜೋಡಿಗಳನ್ನು ಕರಿಹಲಗೆಯ ಮೇಲೆ ಬರೆದರೆ ಮಕ್ಕಳು ತಾವೇ ಇನ್ನಷ್ಟು ಹುಡುಕಿ ತರುತ್ತಾರೆ.

ಕನ್ನಡ ನಿಘಂಟು ಬಳಸುವಾಗ ಮಕ್ಕಳು ಎಡವುವುದು ಬೇರೆಡೆ. ‘ಬಿದ್ದ’ ಎಂದು ಹುಡುಕಿದರೆ ಅರ್ಥ ಸಿಗುವುದಿಲ್ಲ, ‘ಬೀಳು’ ನೋಡಬೇಕು. ‘ತಂದಳು’ ಎಂಬುದಕ್ಕೆ ‘ತರು’, ‘ಕಂಡರು’ ಎಂಬುದಕ್ಕೆ ‘ಕಾಣು’. ಮೂಲರೂಪ ಹಿಡಿಯುವ ಈ ಅಭ್ಯಾಸವನ್ನು ಮೊದಲೇ ಮಾಡಿಸದಿದ್ದರೆ ಪುಸ್ತಕ ಕಪಾಟು ಸೇರುತ್ತದೆ. ಮಕ್ಕಳಿಗೆ ಎಂಟು ಸಂಪುಟಗಳ ಬೃಹತ್ ನಿಘಂಟು ಬೇಡ, ಕನ್ನಡ ಸಾಹಿತ್ಯ ಪರಿಷತ್ತಿನ ‘ಸಂಕ್ಷಿಪ್ತ ಕನ್ನಡ ನಿಘಂಟು’ ಧಾರಾಳ ಸಾಕು. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ವಿ. ಕೃಷ್ಣ ಅವರು ದಶಕಗಳ ಕಾಲ ದುಡಿದು ಸಿದ್ಧಪಡಿಸಿದ, 2019ರಿಂದ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುವ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು ಅನುಕೂಲ.

ಪದದ ಅರ್ಥ ಬಳಕೆಯಲ್ಲಿದೆ ಎಂಬುದಕ್ಕೆ ಸಾಕ್ಷಿ ಖಡಕಿಯ ಹತ್ತಿರದಲ್ಲೇ ಇದೆ. ಹೋಳ್ಕರ್ ಸೇತುವೆ ದಾಟಿದರೆ ಯೆರವಡಾದ ಡೆಕ್ಕನ್ ಕಾಲೇಜು. ಅಲ್ಲಿ 1948ರಲ್ಲಿ ಆರಂಭವಾದ ಸಂಸ್ಕೃತ ಮಹಾಕೋಶಕ್ಕಾಗಿ ಸುಮಾರು 1,500 ಗ್ರಂಥಗಳಿಂದ ಪದ ಬಳಕೆಯಾದ ವಾಕ್ಯಗಳನ್ನು ಆಯ್ದು ಚೀಟಿಗಳಲ್ಲಿ ಬರೆದಿಟ್ಟಿದ್ದಾರೆ. ಚೀಟಿಗಳ ಸಂಖ್ಯೆ ಸುಮಾರು ಒಂದು ಕೋಟಿ!

ಸಂಘಗಳ ರವಿವಾರದ ಕನ್ನಡ ತರಗತಿಗಳಲ್ಲಿ ಇದೇ ಕ್ರಮವನ್ನು ಸಣ್ಣದಾಗಿ ಅನುಸರಿಸಬಹುದು. ಒಂದು ಚೀಟಿಗೆ ಒಂದು ಪದ, ಕೆಳಗೆ ಅದನ್ನು ಮನೆಯಲ್ಲಿ ಯಾರು, ಯಾವಾಗ ಆಡಿದರೋ ಆ ವಾಕ್ಯ. ಆರಂಭಕ್ಕೆ ಅಡುಗೆಮನೆಯೇ ಸಾಕು. ಅಲ್ಲಿ ಈಗ ಎಲ್ಲವೂ ‘ಕಟ್ ಮಾಡು’. ಆದರೆ ಅಜ್ಜಿಗೆ ಫೋನ್ ಮಾಡಿ ಕೇಳಿದರೆ ತರಕಾರಿ ಹೆಚ್ಚುವುದು, ಹುಲ್ಲು ಕೊಯ್ಯುವುದು, ಕಟ್ಟಿಗೆ ಸೀಳುವುದು, ಮರ ಕಡಿಯುವುದು, ಕೂದಲು ಕತ್ತರಿಸುವುದು ಎಂದು ಒಂದೇ ಸಂಜೆಯಲ್ಲಿ ಐದು ಚೀಟಿ ತುಂಬುತ್ತವೆ. ವಿಜಯಪುರದ ಅಜ್ಜಿಯ ಪದ ಒಂದಾಗಿ, ಉಡುಪಿಯ ಅಜ್ಜಿಯದು ಇನ್ನೊಂದಾಗಿ ಬಂದರೆ ಎರಡನ್ನೂ ಬರೆದುಕೊಳ್ಳಲಿ, ಜೊತೆಗೆ ಊರಿನ ಹೆಸರನ್ನೂ.