ಸುತ್ತು ಒಂದೇ, ಜವ ಬೇರೆ



ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಚಕ್ರ ತಿರುಗಿಸುವ ಆಟ ನಮಗೆಲ್ಲ ಗೊತ್ತು. ಈ ಸಲ ಒಂದೇ ಕಡ್ಡಿಗೆ ಎರಡು ಬಣ್ಣದ ದಾರ ಕಟ್ಟಿ. ಒಂದು ನಡುವಿನ ಹತ್ತಿರ, ಇನ್ನೊಂದು ರಿಮ್ಮಿನ ಹತ್ತಿರ. ಈಗ ಚಕ್ರವನ್ನು ನಿಧಾನವಾಗಿ ತಿರುಗಿಸಿ.

ಎರಡೂ ದಾರಗಳು ಒಂದು ಸುತ್ತನ್ನು ಒಟ್ಟಿಗೇ ಮುಗಿಸುತ್ತವೆ. ಆದರೆ ಹೊರಗಿನ ದಾರದ ವೃತ್ತ ದೊಡ್ಡದು. ಅಷ್ಟೇ ಹೊತ್ತಿನಲ್ಲಿ ಅದು ಹೆಚ್ಚು ದೂರ ಹೋಗಬೇಕು. ಅಂದಮೇಲೆ ಅದರ ಜವ ಹೆಚ್ಚು, ಅಲ್ವಾ?

ಸೆಕೆಂಡಿಗೆ ಎಷ್ಟು ಸುತ್ತು ಎಂಬುದು ಆವೃತ್ತಿ. ಸೆಕೆಂಡಿಗೆ ಎಷ್ಟು ಮೀಟರ್ ಎಂಬುದು ಜವ. ಒಂದು ಸುತ್ತಿನ ದೂರವೇ ಪರಿಧಿ. ಆದ್ದರಿಂದ:

ಜವ = ಪರಿಧಿ × ಆವೃತ್ತಿ
ಪರಿಧಿ = 3.14 × ವ್ಯಾಸ

ಪಾಠದಲ್ಲಿ ಬರುವ ಏಕರೂಪ ವೃತ್ತೀಯ ಚಲನೆಗೆ ಇದೇ ಸೂತ್ರ. ಇದು ಬರೀ ಪರೀಕ್ಷೆಗೆ ಅಂದುಕೊಳ್ಳಬೇಡಿ, ಕಣ್ಣು ಕೈ ಉಳಿಸುವ ಸೂತ್ರವೂ ಹೌದು. ಹೇಗೆ ಅಂತೀರಾ?

ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣ ಕತ್ತರಿಸುವ ಕೈ ಗ್ರೈಂಡರ್ ನೋಡಿದ್ದೀರಲ್ಲ. 4 ಇಂಚಿನ, ಅಂದರೆ 100 ಮಿಲಿಮೀಟರ್ ವೀಲಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಸೆಕೆಂಡಿಗೆ ಸುಮಾರು 183 ಸುತ್ತು. ವೀಲಿನ ಪರಿಧಿ 0.314 ಮೀಟರ್. ಗುಣಿಸಿದರೆ ಅಂಚಿನ ಜವ ಸೆಕೆಂಡಿಗೆ ಸುಮಾರು 58 ಮೀಟರ್.

ಇಂಥ ವೀಲುಗಳಲ್ಲಿ ಹೆಚ್ಚಿನವು ಸೆಕೆಂಡಿಗೆ 80 ಮೀಟರ್ ಜವಕ್ಕೆಂದು ಮಾಡಿದವು. ಅದನ್ನು ದಾಟಬಾರದು.

ಕೆಲವರು ದೊಡ್ಡ ಪೈಪು ಕತ್ತರಿಸಲು ಗಾರ್ಡ್ ಬಿಚ್ಚಿ, ಅದೇ ಗ್ರೈಂಡರಿಗೆ 7 ಇಂಚಿನ ವೀಲು ಹಾಕುತ್ತಾರೆ. ಮೋಟಾರು ಅದೇ, ಆವೃತ್ತಿಯೂ ಅದೇ. ಆದರೆ ವ್ಯಾಸ 180 ಮಿಲಿಮೀಟರ್, ಪರಿಧಿ 0.565 ಮೀಟರ್. ಈಗ ಅಂಚಿನ ಜವ ಸೆಕೆಂಡಿಗೆ ಸುಮಾರು 104 ಮೀಟರ್! ಗಂಟೆಗೆ 370 ಕಿಲೋಮೀಟರಿಗೂ ಹೆಚ್ಚು.

ಅಂಚಿನ ಜವ ಎರಡರಷ್ಟಾದರೆ ವೀಲನ್ನು ಹರಿಯುವ ಎಳೆತ ನಾಲ್ಕರಷ್ಟಾಗುತ್ತದೆ. ತಡೆಯಲಾರದೆ ವೀಲು ಒಡೆದರೆ ಚೂರುಗಳು ಗುಂಡಿನಂತೆ ಹಾರುತ್ತವೆ. ತಡೆಯಬೇಕಾದ ಗಾರ್ಡ್ ಇರೋದೇ ಇಲ್ಲ.

ಸೂತ್ರವನ್ನು ತಿರುಗಿಸಿ ನೋಡಿ. 80ನ್ನು 0.565ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 141 ಸುತ್ತು, ನಿಮಿಷಕ್ಕೆ ಸುಮಾರು 8,500. ಇಂಥ 7 ಇಂಚಿನ ವೀಲಿನ ಮೇಲೆ ಅಚ್ಚು ಹಾಕಿರುವ ಮಿತಿಯೂ ಅದೇ. ಗ್ರೈಂಡರಿನ ಸುತ್ತು ಆ ಸಂಖ್ಯೆಗಿಂತ ಹೆಚ್ಚಿದ್ದರೆ ಆ ವೀಲು ಅದಕ್ಕೆ ಹಾಕಲೇಬಾರದು. ಮನೆಯಲ್ಲಿ ಅಣ್ಣ, ಮಾವ ಯಾರಾದರೂ ಈ ಕೆಲಸ ಮಾಡುತ್ತಿದ್ದರೆ ಇದನ್ನು ತಪ್ಪದೆ ಹೇಳಿ.

ನೀವೇ ಲೆಕ್ಕ ಹಾಕಿ: 80 ಮೀಟರ್ ಜವದ 4 ಇಂಚಿನ ವೀಲಿಗೆ ನಿಮಿಷಕ್ಕೆ ಎಷ್ಟು ಸುತ್ತು ಮಿತಿ?
(ಉತ್ತರ: ಸುಮಾರು 15,300)