ಸರ್ಪಸುತ್ತೂ ಬೆನ್ನುಹುರಿಯ ನರಗಳೂ

ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿಗೆ ಸೇರಿದ ಮಂಗಸೂಳಿಯು ಕನ್ನಡ ಮರಾಠಿಗಳೆರಡೂ ಬಳಕೆಯಲ್ಲಿರುವ ಗಡಿಯ ಗ್ರಾಮ. ಖಂಡೋಬನ ಕ್ಷೇತ್ರವಾಗಿ ಎರಡು ನಾಡಿನ ಭಕ್ತರಿಗೂ ಪರಿಚಿತವಾದುದು. ಇಂತಹ ಸೀಮೆಯಲ್ಲಿ ಒಂದೇ ರೋಗಕ್ಕೆ ಎರಡು ಹೆಸರು ಕೇಳಿಬರುವುದು ಸಹಜ. ಎದೆಯ ಅಥವಾ ನಡುವಿನ ಒಂದು ಮಗ್ಗುಲಲ್ಲಿ ಪಟ್ಟಿಯಂತೆ ಏಳುವ ಉರಿಗುಳ್ಳೆಗಳನ್ನು ಕನ್ನಡಿಗರು ಸರ್ಪಸುತ್ತು ಎನ್ನುವರು, ಮರಾಠಿಗರು ನಾಗೀಣ ಎನ್ನುವರು. ಹೆಸರು ಎರಡಾದರೂ ಕಲ್ಪನೆ ಒಂದೇ. ಹಾವು ಮೈಯನ್ನು ಸುತ್ತುತ್ತ ಬಂದು ಅದರ ಹೆಡೆಯೂ ಬಾಲವೂ ಕೂಡಿದರೆ ರೋಗಿಯು ಬದುಕಲಾರನೆಂಬ ಭೀತಿ ಜನರಲ್ಲಿ ಬಹುಕಾಲದಿಂದ ಬೇರೂರಿದೆ.

ಪಾಶ್ಚಾತ್ಯ ವೈದ್ಯರು ಈ ರೋಗವನ್ನು ಹರ್ಪಿಸ್ ಜೋಸ್ಟರ್ ಎನ್ನುವರು. ಗ್ರೀಕ್ ಭಾಷೆಯಲ್ಲಿ ಜೋಸ್ಟರ್ ಎಂದರೆ ನಡುಪಟ್ಟಿ. ಹರ್ಪಿಸ್ ಎಂಬುದು ತೆವಳು ಎಂಬ ಅರ್ಥದ ಧಾತುವಿನಿಂದ ಬಂದುದು. ಆ ಧಾತುವೂ ಸರ್ಪ ಶಬ್ದಕ್ಕೆ ಮೂಲವಾದ ಸಂಸ್ಕೃತದ ಸೃಪ್ ಧಾತುವೂ ಒಂದೇ ಮೂಲದಿಂದ ಕವಲೊಡೆದವು. ಯಾರೂ ಭಾಷಾಂತರಿಸದೆಯೇ ಎರಡು ದೇಶಗಳ ಹೆಸರುಗಳು ಹೀಗೆ ಹೊಂದಿಕೊಂಡಿರುವುದು ಶಬ್ದಶಾಸ್ತ್ರಜ್ಞರಿಗೆ ಸಂತೋಷವನ್ನುಂಟುಮಾಡುವ ಸಂಗತಿ. ಆದರೆ ಪಟ್ಟಿಯ ಆಕಾರ ಎಲ್ಲಿಂದ ಬಂದಿತೆಂಬುದನ್ನು ಶಬ್ದವು ತಿಳಿಸಲಾರದು. ಅದನ್ನು ದೇಹರಚನೆಯಲ್ಲಿ ಹುಡುಕಬೇಕು.

ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ: ಕುತ್ತಿಗೆಯಲ್ಲಿ 8, ಎದೆಯಲ್ಲಿ 12, ಸೊಂಟದಲ್ಲಿ 5, ತ್ರಿಕಾಸ್ಥಿಯಲ್ಲಿ 5, ಬಾಲದೆಲುಬಿನಲ್ಲಿ 1. ಕುತ್ತಿಗೆಯ ಮಣಿಗಳು ಏಳೇ ಆದರೂ ನರಗಳು ಎಂಟಾಗುವುದು, ಮೊದಲನೆಯದು ಮೊದಲ ಮಣಿಯ ಮೇಲುಗಡೆಯಿಂದಲೇ ಹೊರಡುವುದರಿಂದ. ಪ್ರತಿಯೊಂದು ನರಕ್ಕೂ ಎರಡು ಬೇರುಗಳುಂಟು. ಮುಂಬೇರು ಮಾಂಸಖಂಡಗಳಿಗೆ ಚಲನೆಯ ಆಜ್ಞೆಯನ್ನು ಒಯ್ಯುವುದು. ಹಿಂಬೇರು ಸ್ಪರ್ಶ, ನೋವು, ಶೀತೋಷ್ಣಗಳ ಅರಿವನ್ನು ಒಳಗೆ ತರುವುದು. ಈ ವಿಭಾಗವನ್ನು 1822ರಲ್ಲಿ ಫ್ರಾನ್ಸಿನ ಮಜಾಂದಿ ಪ್ರಯೋಗದಿಂದ ಸ್ಥಾಪಿಸಿದನು. ಹಿಂಬೇರಿನ ಮೇಲೆ ಸಣ್ಣ ಗಂಟೊಂದಿದೆ. ಸರ್ಪಸುತ್ತಿನ ಹುತ್ತವೇ ಅದು.

ಬಾಲ್ಯದಲ್ಲಿ ಸೀತಾಳೆ ಸಿಡುಬನ್ನು ತಂದ ವೈರಸ್ಸು ವಾಸಿಯಾದ ಮೇಲೂ ದೇಹವನ್ನು ಬಿಡದೆ ಈ ಗಂಟುಗಳಲ್ಲಿ ಅಡಗಿರುತ್ತದೆ. ಮುಪ್ಪಿನಲ್ಲಿ ಅಥವಾ ದೇಹದ ರಕ್ಷಣಶಕ್ತಿ ಕುಂದಿದಾಗ ಒಂದು ಗಂಟಿನಲ್ಲಿ ಎಚ್ಚೆತ್ತು, ಆ ನರದ ಎಳೆಗಳ ಮೂಲಕವೇ ಚರ್ಮಕ್ಕೆ ಇಳಿಯುತ್ತದೆ. ಹೀಗಾಗಿ ಗುಳ್ಳೆಗಳು ಏಳುವುದು ಆ ನರದ ಆಳ್ವಿಕೆಗೆ ಒಳಪಟ್ಟ ಚರ್ಮದಲ್ಲಿ ಮಾತ್ರ. ಎದೆಯ ನಾಲ್ಕನೆಯ ನರದ ಪಟ್ಟಿ ಮೊಲೆತೊಟ್ಟಿನ ಮಟ್ಟದಲ್ಲಿ, ಹತ್ತನೆಯದು ಹೊಕ್ಕುಳಿನ ಮಟ್ಟದಲ್ಲಿ ಸುತ್ತುವುದು. ಎಡನರ ಎಡಕ್ಕೂ ಬಲನರ ಬಲಕ್ಕೂ ಸೇರಿದುದರಿಂದ ಗುಳ್ಳೆಗಳು ಸಾಮಾನ್ಯವಾಗಿ ಮೈಯ ನಡುಗೆರೆಗೆ ಬಂದು ನಿಂತುಬಿಡುವುವು. ಹೆಡೆಬಾಲಗಳು ಕೂಡದಿರುವುದು ರೋಗಿಯ ಅದೃಷ್ಟದಿಂದಲ್ಲ, ನರಗಳ ಹಂಚಿಕೆಯಿಂದ. ಒಮ್ಮೆ ಎರಡು ಮಗ್ಗುಲೂ ಕಂಡರೂ, ಕೂಡಿದುದೇ ಸಾವಿಗೆ ಕಾರಣವಾಗುವುದೆಂಬುದು ಸುಳ್ಳು.

1900ರಲ್ಲಿ ಇಂಗ್ಲೆಂಡಿನ ಹೆಡ್ ಮತ್ತು ಕ್ಯಾಂಬೆಲ್ ಎಂಬ ವೈದ್ಯರು ಈ ರೋಗವನ್ನೇ ಸಾಧನವನ್ನಾಗಿ ಮಾಡಿಕೊಂಡು, ಯಾವ ಗಂಟು ಕೆಟ್ಟರೆ ಎಲ್ಲಿ ಗುಳ್ಳೆ ಏಳುವುದೆಂದು ಶವಪರೀಕ್ಷೆಯಿಂದ ಗುರುತಿಸಿ, ಚರ್ಮದ ಮೇಲಣ ನರಸೀಮೆಗಳ ನಕ್ಷೆಯನ್ನು ಬರೆದರು. ಈ ಸೀಮೆಗಳಿಗೂ ಗಡಿನಾಡಿನ ಸ್ವಭಾವವೇ: ನೆರೆಯ ನರಗಳು ಒಂದರ ನೆಲದಲ್ಲಿ ಇನ್ನೊಂದು ಕೈಚಾಚಿರುತ್ತವೆ. ಒಂದೇ ಬೇರನ್ನು ಕತ್ತರಿಸಿದರೆ ಆ ಭಾಗದ ಸ್ಪರ್ಶಜ್ಞಾನವು ಪೂರ್ಣವಾಗಿ ಹೋಗುವುದಿಲ್ಲ. ಕೈಕಾಲುಗಳಲ್ಲಿ ನಕ್ಷೆ ಜಟಿಲವಾಗುತ್ತದೆ. ಭ್ರೂಣದಲ್ಲಿ ಕೈಯು ಮೊಗ್ಗಿನಂತೆ ಹೊರಚಾಚುವಾಗ ತನ್ನ ನರಗಳನ್ನೂ ಎಳೆದುಕೊಂಡು ಹೋಗುವುದರಿಂದ ಹೆಬ್ಬೆರಳು ಕುತ್ತಿಗೆಯ ಆರನೆಯ ನರಕ್ಕೂ ಕಿರುಬೆರಳು ಎಂಟನೆಯದಕ್ಕೂ ಸೇರಿವೆ.

ಗುಳ್ಳೆ ಏಳುವ ಮೊದಲೇ ಕೆಲವು ದಿನ ಉರಿನೋವು ಇರುವುದುಂಟು. ಆಗ ಎದೆನೋವೆಂದು ಭ್ರಮಿಸುವುದೂ ಉಂಟು. ಗುಳ್ಳೆಗಳಿಗೆ ಕೆಮ್ಮಣ್ಣು ಬಳಿಯುವ ರೂಢಿ ನಾಡಿನ ಹಲವೆಡೆ ಇದೆ. ಗುಳ್ಳೆಗಳು ಎರಡು ಮೂರು ವಾರಗಳಲ್ಲಿ ತಾವಾಗಿಯೇ ಒಣಗುವುದರಿಂದ ಆ ಕೀರ್ತಿ ಕೆಮ್ಮಣ್ಣಿಗೆ ಸಲ್ಲುತ್ತದೆ. ಅಷ್ಟರಲ್ಲಿ ಔಷಧದ ಹೊತ್ತು ಮೀರಿರುತ್ತದೆ: ವೈರಸ್ಸನ್ನು ತಡೆಯುವ ಅಸೈಕ್ಲೋವಿರ್ ಮೊದಲಾದ ಔಷಧಗಳನ್ನು ಗುಳ್ಳೆ ಕಂಡ 72 ಗಂಟೆಗಳೊಳಗೆ ಆರಂಭಿಸುವುದು ಉತ್ತಮ. ವೃದ್ಧರಲ್ಲಿ ಗುಳ್ಳೆ ಮಾಯ್ದರೂ ನರದ ನೋವು ತಿಂಗಳುಗಟ್ಟಲೆ ಉಳಿಯಬಹುದು. ಮುಖದಲ್ಲಿ ಎದ್ದರೆ ಅದು ಬೆನ್ನುಹುರಿಯ ನರವಲ್ಲ, ಮಿದುಳಿನಿಂದಲೇ ಹೊರಡುವ ಐದನೆಯ ನರ. ಅದರ ಮೇಲಣ ಕವಲು ಕಣ್ಣಿಗೂ ಹೋಗುವುದರಿಂದ ಹಣೆಯ ಅಥವಾ ಮೂಗಿನ ತುದಿಯ ಗುಳ್ಳೆಯನ್ನು ಕಂಡ ದಿನವೇ ವೈದ್ಯನಿಗೆ ತೋರಿಸಬೇಕು.